ಜಾವಾದ ಕಿಕ್ ಎಡಗಡೆಯೇ ಇರಲಿ

ಡೊಂಬಿವಲಿಯ ಗೆಳೆಯರು ಮೂರು ಪ್ರಶ್ನೆ ಕೇಳಿದ್ದಾರೆ. ಹಳೆಯ ಕಾರು, ಸ್ಕೂಟರುಗಳ ನಲವತ್ತು ಚಿತ್ರ ಬರೆದು ಪೋಸ್ಟರ್, ಟಿ-ಶರ್ಟುಗಳಿಗೆಂದು ಆನ್‌ಲೈನ್ ಅಂಗಡಿಗೆ ಏರಿಸಿ ನಾಲ್ಕು ತಿಂಗಳಾದರೂ ಎರಡೇ ಮಾರಾಟವಾಗಿವೆ, ಏಕೆ? ಕಂಪನಿಯ ಹೆಸರು, ಲಾಂಛನ ಹಾಕಬಹುದೇ? ಯಾವ ತಾಣ ಒಳ್ಳೆಯದು? ನಾನು ಚಿಂಚವಾಡದ ಮನೆಯಲ್ಲಿ ಕುಳಿತು ಆರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ನಿಮ್ಮ ಚಿತ್ರಗಳನ್ನೆಲ್ಲ ನೋಡಿದೆ. ಕೈ ಪಳಗಿದೆ, ಬಣ್ಣದ ಹದ ತಿಳಿದಿದೆ. ಆದರೆ ನಲವತ್ತರಲ್ಲಿ ಮುಕ್ಕಾಲು ಪಾಲು ಮಸ್ಟ್ಯಾಂಗ್, ಬೀಟಲ್ ಎಂಬ ವಿದೇಶಿ ಕಾರುಗಳೇ. ಅವನ್ನು ಬರೆಯುವವರು ಲೋಕದಲ್ಲೆಲ್ಲ ಇದ್ದಾರೆ. ಹುಡುಕಿದವನಿಗೆ ನಿಮ್ಮ ಚಿತ್ರ ಐವತ್ತನೆಯ ಪುಟದಲ್ಲೂ ಸಿಗದು. ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಕಾರು, ನಮ್ಮ ಆಕುರ್ಡಿಯ ಚೇತಕ್ ಸ್ಕೂಟರು, ಮೈಸೂರಿನ ಯಾದವಗಿರಿಯ ಜಾವಾ ಬೈಕು, ಇವುಗಳಲ್ಲಿ ಕುಳಿತು, ಇವುಗಳನ್ನು ತಳ್ಳಿ, ಒರೆಸಿ ಬೆಳೆದವರು ನಾವು. ಪದ್ಮಿನಿಯ ಕೊನೆಯ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ 30ರ ಹೊತ್ತಿಗೆ ಅದರ ಕಾಲ ಮುಗಿಯಿತು. ಮುಂಬೈ ನಗರ ಸಾರಿಗೆಯಾದ ಬೆಸ್ಟ್‌ನ ಡೀಸೆಲ್ ಡಬಲ್ ಡೆಕರ್ ಬಸ್ಸು ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಂತಿತ್ತು. ಆ ಎರಡು ತಿಂಗಳಲ್ಲಿ ನನ್ನ ಪುಟ್ಟ ಅಂಗಡಿಯಲ್ಲಿ ಹೋದಷ್ಟು ಟ್ಯಾಕ್ಸಿ ಪೋಸ್ಟರ್ ಅದಕ್ಕೆ ಹಿಂದಿನ ಇಡೀ ವರ್ಷದಲ್ಲಿ ಹೋಗಿರಲಿಲ್ಲ. ಕೊಂಡವರಲ್ಲಿ ಹೆಚ್ಚಿನವರು ಊರು ಬಿಟ್ಟು ದೂರ ಹೋದವರು. ಒಬ್ಬರಂತೂ ಟ್ಯಾಕ್ಸಿಯ ಹಿಂದೆ ಮಾಟುಂಗಾದ ಕಟ್ಟಡವೊಂದರ ಗೇಟು ಕಾಣುವಂತೆ ಬರೆದುಕೊಡಿ ಎಂದು ಕೇಳಿ ಬರೆಸಿಕೊಂಡರು.

ಇಂಥ ಗಿರಾಕಿ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾನೆ. ನನಗೆ ಆದದ್ದನ್ನು ಹೇಳುತ್ತೇನೆ. ಜಾವಾದ ಒಂದು ಚಿತ್ರದಲ್ಲಿ ಗಾಡಿ ಎಡಕ್ಕೆ ಮುಖ ಮಾಡಿತ್ತು. ಪೋಸ್ಟರಿನಲ್ಲಿ ಬಲಕ್ಕೆ ತಿರುಗಿದರೆ ಚೆಂದ ಎನಿಸಿ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಮಗುಚಿಬಿಟ್ಟೆ. ಮೈಸೂರಿನ ಹಿರಿಯರೊಬ್ಬರು ಅದನ್ನು ಕೊಂಡು, ಎರಡೇ ಸಾಲು ಬರೆದರು: 'ಚಿತ್ರ ಚೆನ್ನಾಗಿದೆ. ನೀವು ಜಾವಾ ಓಡಿಸಿದವರಲ್ಲ.' ಜಾವಾದಲ್ಲಿ ಕಿಕ್ ಹೊಡೆಯುವ ಲಿವರೂ ಗೇರ್ ಹಾಕುವ ಲಿವರೂ ಒಂದೇ, ಮತ್ತು ಅದು ಇರುವುದು ಎಡಗಡೆ. ಮಗುಚಿದಾಗ ಅದು ಬಲಕ್ಕೆ ಹೋಗಿತ್ತು. ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ತಂದೆ ಧಾರವಾಡದಲ್ಲಿ ಅದೇ ಗಾಡಿ ಇಟ್ಟಿದ್ದರು. ಅವರ ಎಡಗಾಲಿನ ಚಪ್ಪಲಿ ಆ ಲಿವರಿಗೆ ಸವೆದದ್ದು ನನ್ನ ಕಣ್ಣ ಮುಂದೆಯೇ ಇತ್ತು. ಆದ್ದರಿಂದ ಮಗುಚುವ ಗುಂಡಿಯನ್ನು ಮರೆತುಬಿಡಿ. ಮಗುಚಿದ ಪದ್ಮಿನಿಯಲ್ಲಿ ಸ್ಟೀರಿಂಗ್ ಎಡಕ್ಕೆ ಬರುತ್ತದೆ, ಎಡಗಡೆ ಹೊರಗೆ ಕೂತಿರುತ್ತಿದ್ದ ಹಳೆಯ ಮೀಟರು ಬಲಕ್ಕೆ ಬರುತ್ತದೆ.

ನಿಮ್ಮ ಟ್ಯಾಕ್ಸಿ ಚಿತ್ರದಲ್ಲಿ ಆ ಮೀಟರೇ ಇಲ್ಲ. ಚಾವಣಿ ಹಳದಿ, ಮೈ ಕಪ್ಪು ಸರಿಯಾಗಿದೆ, ಮೇಲಿನ ಕ್ಯಾರಿಯರ್ ಸರಿಯಾಗಿದೆ, ಆದರೆ ಎಂಬತ್ತರ ದಶಕದ ಮುಂಬೈ ಎಂದು ಬರೆದಮೇಲೆ ಮೀಟರ್ ಬೇಕೇಬೇಕು. ನಂಬರ್ ಫಲಕವೂ ಹಾಗೆಯೇ. ಎಂಎಚ್, ಕೆಎ ಎಂಬ ಸಂಕೇತಗಳು 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲಿನವು. ನಿಮ್ಮ 1965ರ ಜಾವಾದ ಮೇಲೆ ಕೆಎ-09 ಎಂದಿದೆ. ಆಗ ಮೈಸೂರು ರಾಜ್ಯದ ಗಾಡಿಗಳಿಗೆ ಎಂವೈ ಎಂದು ಶುರುವಾಗುವ ಸಂಖ್ಯೆ, ಖಾಸಗಿ ಗಾಡಿಯಾದರೆ ಕಪ್ಪು ಫಲಕದ ಮೇಲೆ ಬಿಳಿ ಅಕ್ಷರ. ಯಾರದೋ ನಿಜವಾದ ಸಂಖ್ಯೆಯನ್ನು ನಕಲು ಮಾಡಬೇಡಿ, ಒಂದೆರಡು ಅಂಕಿಗಳನ್ನು ಹ್ಯಾಂಡಲಿನ ನೆರಳಿನಲ್ಲಿ ಮರೆಸಿದರೆ ಸಾಕು.

ಇನ್ನು ಲಾಂಛನದ ಮಾತು. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ ಆಕಾರಕ್ಕೆ ನಮ್ಮಲ್ಲಿ ಹೆಚ್ಚೆಂದರೆ 15 ವರ್ಷ ರಕ್ಷಣೆ. ಟ್ರೇಡ್‌ಮಾರ್ಕ್ ಹಾಗಲ್ಲ, ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋದರೆ ಅದಕ್ಕೆ ಸಾವಿಲ್ಲ. ಚೇತಕ್ ಹೆಸರು ಇಂದು ವಿದ್ಯುತ್ ಸ್ಕೂಟರಿನ ಮೇಲಿದೆ, ಜಾವಾ 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು, ಯೆಜ್ದಿ ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ಗಾಡಿ ಹಳತು, ಹೆಸರು ಹಳತಲ್ಲ. ಶೀರ್ಷಿಕೆಯಲ್ಲಿ ಕಂಪನಿಯ ಹೆಸರು ಬರೆದದ್ದಕ್ಕೇ ನನ್ನ ಏಳು ಚಿತ್ರಗಳನ್ನು ಒಂದು ತಾಣ ಒಂದೇ ರಾತ್ರಿಯಲ್ಲಿ ಕಿತ್ತುಹಾಕಿತು. ಅಂದಿನಿಂದ ಟ್ಯಾಂಕಿನ ಮೇಲೆ ಬ್ಯಾಡ್ಜ್ ಇರುವ ಜಾಗದಲ್ಲಿ ಬರೀ ಹೊಳಪು ಕೊಡುತ್ತೇನೆ. ಶೀರ್ಷಿಕೆಯಲ್ಲಿ 'ಮಳೆಯಲ್ಲಿ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ', 'ಬಗ್ಗಿಸಿ ಕಿಕ್ ಹೊಡೆಯುವ ಸ್ಕೂಟರ್' ಎಂದು ಬರೆಯುತ್ತೇನೆ. ಗೊತ್ತಿದ್ದವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಅಂತರಜಾಲದ ಫೋಟೊ ಮೇಲೆ ಗೆರೆ ಎಳೆಯುವುದೂ ಬೇಡ. ಫೋಟೊ ತೆಗೆದವರು ಬದುಕಿರುವವರೆಗೆ, ಆಮೇಲೂ 60 ವರ್ಷ ಅದಕ್ಕೆ ಹಕ್ಕುಸ್ವಾಮ್ಯವಿದೆ. ಪುಣೆಯ ಜುನಾ ಬಜಾರಿಗೆ ಬುಧವಾರವೋ ಭಾನುವಾರವೋ ಬನ್ನಿ, ಹಳೆಯ ದೀಪ, ಹ್ಯಾಂಡಲ್, ಮಡ್‌ಗಾರ್ಡುಗಳನ್ನು ಮುಟ್ಟಿ ನೋಡಿ, ನಿಮ್ಮದೇ ಫೋಟೊ ತೆಗೆದುಕೊಳ್ಳಿ.

ಮುದ್ರಣದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ, ನಿಮ್ಮ ಟಿ-ಶರ್ಟುಗಳಲ್ಲೂ ಅದೇ ಆಗಿದೆ. ಕಪ್ಪು ಬಟ್ಟೆಯ ಮೇಲೆ ಯಂತ್ರ ಮೊದಲು ಬಿಳಿ ಶಾಯಿ ಹಾಸಿ ಅದರ ಮೇಲೆ ಬಣ್ಣ ಹಾಕುತ್ತದೆ. ಗಾಡಿಯ ಕೆಳಗೆ ನೀವು ಕೊಟ್ಟಿರುವ ಮೃದುವಾದ, ಅರೆಪಾರದರ್ಶಕ ನೆರಳಿನ ಅಡಿಯಲ್ಲೂ ಆ ಬಿಳಿ ಬೀಳುತ್ತದೆ. ಪರದೆಯ ಮೇಲೆ ನೆರಳಾಗಿ ಕಂಡದ್ದು ಬಟ್ಟೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ನೆರಳನ್ನು ಗಟ್ಟಿ ಅಂಚಿನ ಗೆರೆಗಳಲ್ಲಿ ಅಥವಾ ಚುಕ್ಕಿಗಳಲ್ಲಿ ಬರೆಯಿರಿ. ಕಡತವನ್ನು ಕಪ್ಪು ಹಿನ್ನೆಲೆಯ ಮೇಲಿಟ್ಟು ನಾಲ್ಕು ಪಟ್ಟು ಹಿಗ್ಗಿಸಿ ಅಂಚುಗಳನ್ನು ಒಮ್ಮೆ ಸುತ್ತಿ ನೋಡಿ. ಕನ್ನಡ ಅಕ್ಷರವಿದ್ದರೆ ಅದನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ರೇಖೆಯಾಗಿ ಪರಿವರ್ತಿಸಿಯೇ ಕಳುಹಿಸಿ, ಇಲ್ಲವಾದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಎ3 ಪೋಸ್ಟರಿಗೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3508×4961 ಪಿಕ್ಸೆಲ್ ಬೇಕು. ಜಲವರ್ಣದ ಮೂಲವನ್ನು ಮೊಬೈಲಿನಲ್ಲಿ ಫೋಟೊ ತೆಗೆಯದೆ 600ರಲ್ಲಿ ಸ್ಕ್ಯಾನ್ ಮಾಡಿಸಿ. ಟ್ಯಾಕ್ಸಿಯ ಹಳದಿ ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ, ಕಡುನೀಲಿ ಮಾತ್ರ ಮಂಕಾಗುತ್ತದೆ.

ತಾಣದ ವಿಷಯ ಚಿಕ್ಕದು. ರೆಡ್‌ಬಬಲ್‌ನಂಥ ಕಡೆ ಚಿತ್ರ ಏರಿಸಿದರೆ ಮುಗಿಯಿತು, ಮುದ್ರಣ, ರವಾನೆ ಎಲ್ಲ ಅವರದೇ. ಆದರೆ ಕೈಗೆ ಬರುವುದು ಕಡಿಮೆ, 2023ರಿಂದ ಕೆಳಹಂತದ ಖಾತೆಗಳ ಗಳಿಕೆಯಲ್ಲಿ ಶುಲ್ಕವನ್ನೂ ಕಡಿಯತೊಡಗಿದರು. ಎಟ್ಸಿಯಲ್ಲಿ ಅಂಗಡಿ ನಿಮ್ಮದು, ಒಂದು ವಸ್ತು ನಾಲ್ಕು ತಿಂಗಳು ಇರಲು 20 ಸೆಂಟ್, ಮಾರಾಟವಾದರೆ ಶೇ. 6.5, ಮುದ್ರಣಕ್ಕೆ ಪ್ರಿಂಟ್‌ಫುಲ್, ಪ್ರಿಂಟಿಫೈನಂಥ ಮುದ್ರಣ ಸೇವೆಗಳನ್ನು ಜೋಡಿಸಬೇಕು. ಗಿರಾಕಿಯ ದೇಶದಲ್ಲೇ ಮುದ್ರಣವಾಗುವುದರಿಂದ ಸುಂಕದ ತಲೆನೋವು ಕಡಿಮೆ. ದೇಶದೊಳಗಿನ ಗಿರಾಕಿಗೆ ತಿರುಪ್ಪೂರಿನ ಕ್ವಿಕಿಂಕ್, ಚೆನ್ನೈಯ ಪ್ರಿಂಟ್‌ರೋವ್ ಇವೆ. ನೀವೇ ಬೇರೆ ರಾಜ್ಯಕ್ಕೆ ಸರಕು ಮಾರುವುದಾದರೆ ಜಿಎಸ್‌ಟಿ ನೋಂದಣಿ ಬೇಕು, ಅದನ್ನು ಲೆಕ್ಕಪರಿಶೋಧಕರ ಬಳಿ ಕುಳಿತು ಮೊದಲೇ ಮಾಡಿಕೊಳ್ಳಿ. ಯಾವ ತಾಣವಾದರೂ ಸರಿ, ಮೊದಲ ಪ್ರತಿಯನ್ನು ನೀವೇ ದುಡ್ಡು ಕೊಟ್ಟು ತರಿಸಿ, ಟಿ-ಶರ್ಟನ್ನು ಹತ್ತು ಸಲ ಒಗೆಯಿರಿ. ನಾನು ಹಾಗೆ ಒಗೆದು ನೋಡಿಯೇ ಒಬ್ಬ ಮುದ್ರಕರನ್ನು ಬಿಟ್ಟೆ.

ಮಸ್ಟ್ಯಾಂಗ್‌ಗಳನ್ನು ಸದ್ಯಕ್ಕೆ ಇಳಿಸಿಡಿ. ನಿಮ್ಮ ಡಬಲ್ ಡೆಕರ್ ಚಿತ್ರದಲ್ಲಿ ಮೇಲಿನ ಮುಂದಿನ ಸೀಟಿನಲ್ಲಿ ಕಿಟಕಿಗೆ ಮೂಗು ಒತ್ತಿ ಕುಳಿತ ಹುಡುಗನಿದ್ದಾನಲ್ಲ, ಅದನ್ನೇ ದೊಡ್ಡದಾಗಿ ಬರೆಯಿರಿ. ಟ್ಯಾಕ್ಸಿಗೆ ಮೀಟರ್ ಸೇರಿಸಿ ಎರಡನ್ನೂ ಇಲ್ಲಿ ಹಾಕಿ, ಶನಿವಾರ ರಾತ್ರಿ ಕುಳಿತು ನೋಡಿ ಹೇಳುತ್ತೇನೆ.