ಎರಡೇ ತಿಂಗಳಲ್ಲಿ ನಮ್ಮ ರೈಡಿಂಗ್ ಬದಲಾಯಿತಾ?

ಪ್ರಶ್ನೆ: ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. 2025ರ ಫೆಬ್ರುವರಿಯಲ್ಲಿ ಒಂಟಾರಿಯೊ ಪ್ರಾಂತ್ಯದ ಚುನಾವಣೆಗೆ ಬಂದ ಮತದಾರರ ಕಾರ್ಡಿನಲ್ಲಿ ನಮ್ಮ ಕ್ಷೇತ್ರ (ಇಲ್ಲಿ ‘ರೈಡಿಂಗ್’ ಅನ್ನುತ್ತಾರೆ) ‘ಬ್ರಾಂಪ್ಟನ್ ಸೆಂಟರ್’ ಅಂತ ಇತ್ತು. ಏಪ್ರಿಲ್‌ನ ಫೆಡರಲ್, ಅಂದರೆ ಇಡೀ ದೇಶದ ಸಂಸತ್ತಿನ, ಚುನಾವಣೆಯ ಕಾರ್ಡಿನಲ್ಲಿ ‘ಬ್ರಾಂಪ್ಟನ್–ಚಿಂಗ್ವಕೂಸಿ ಪಾರ್ಕ್’ ಅಂತ ಬಂತು. ನಾವು ಮನೆ ಬದಲಾಯಿಸಿಲ್ಲ. ಮೊದಲೆಲ್ಲ ಎರಡಕ್ಕೂ ಒಂದೇ ಹೆಸರಿತ್ತು. ಎಲ್ಲೋ ತಪ್ಪಾಗಿದೆಯಾ?

ಉತ್ತರ: ತಪ್ಪೇನೂ ಆಗಿಲ್ಲ, ಎರಡು ಕಾರ್ಡೂ ಸರಿ ಇವೆ. ಫೆಬ್ರುವರಿ 27ರಂದು ನೀವು ಕ್ಷೇತ್ರಗಳ ಹಳೆಯ ನಕ್ಷೆಯಲ್ಲಿ ಓಟು ಹಾಕಿದಿರಿ, ಏಪ್ರಿಲ್ 28ರಂದು ಹೊಸ ನಕ್ಷೆಯಲ್ಲಿ.

ಊರಲ್ಲಿ ನಮಗೆ ಇಂಥ ಗೊಂದಲ ಇರಲಿಲ್ಲ, ಅಲ್ವಾ? ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಒಂದೇ ಆಯೋಗ ಎರಡರ ಗೆರೆಯನ್ನೂ ಎಳೆದಿದ್ದರಿಂದ ಎಂಟೆಂಟು ವಿಧಾನಸಭಾ ಕ್ಷೇತ್ರ ಸೇರಿ ಒಂದು ಲೋಕಸಭಾ ಕ್ಷೇತ್ರ ಆಗುತ್ತದೆ. ಕೆನಡಾದಲ್ಲಿ ಹಾಗಲ್ಲ. ಪ್ರಾಂತ್ಯದ ಶಾಸನಸಭೆಯ ಗೆರೆ ಪ್ರಾಂತ್ಯದ್ದೇ ಜವಾಬ್ದಾರಿ. ಫೆಡರಲ್ ಗೆರೆಯನ್ನು ಹತ್ತು ವರ್ಷಕ್ಕೊಮ್ಮೆ, ಜನಗಣತಿ ಆದ ಮೇಲೆ, ಪ್ರತಿ ಪ್ರಾಂತ್ಯಕ್ಕೂ ಒಂದರಂತೆ ಮೂವರ ಸ್ವತಂತ್ರ ಆಯೋಗ ಎಳೆಯುತ್ತದೆ. ಇದಕ್ಕೆ ಕಾನೂನು ಬಂದದ್ದು 1964ರಲ್ಲಿ.

ಒಂಟಾರಿಯೊದ ಕಥೆ ಶುರುವಾದದ್ದು ಒಂದೇ ನಕ್ಷೆಯಿಂದ. 1867ರಲ್ಲಿ ಅಟ್ಟಾವಾದ ಫೆಡರಲ್ ಸಂಸತ್ತಿಗೆ ಒಂಟಾರಿಯೊದಿಂದ 82 ಸೀಟು, ಪ್ರಾಂತ್ಯದ ಸಭೆಗೂ ಅದೇ 82. ಬೇಗನೇ ಎರಡರ ದಾರಿ ಬೇರೆಯಾಯಿತು. 1987ರ ಹೊತ್ತಿಗೆ ಪ್ರಾಂತ್ಯದ ಸಭೆಯಲ್ಲಿ 130 ಸೀಟುಗಳಿದ್ದವು. 1996ರಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ‘ಕಡಿಮೆ ರಾಜಕಾರಣಿಗಳ ಕಾಯ್ದೆ’ ತಂದಿತು. ಕಾಯ್ದೆಯ ಹೆಸರೇ ಅದು! ಫೆಡರಲ್ ನಕ್ಷೆಯನ್ನೇ ಪ್ರಾಂತ್ಯಕ್ಕೂ ಬಳಸಿದರೆ ಸಾಕು ಅಂತ ತೀರ್ಮಾನವಾಗಿ, 1999ರ ಚುನಾವಣೆಗೆ ಸೀಟು 103ಕ್ಕೆ ಇಳಿಯಿತು. ನಿಮ್ಮ ನೆನಪಿನಲ್ಲಿರುವ ‘ಒಂದೇ ಹೆಸರು’ ಆ ಕಾಲದಿಂದ ಬಂದದ್ದು.

ಆದರೆ ಫೆಡರಲ್ ಗೆರೆ ಬದಲಾದ ಮಾತ್ರಕ್ಕೆ ಪ್ರಾಂತ್ಯದ್ದು ತಾನಾಗಿ ಬದಲಾಗುವುದಿಲ್ಲ. ಅದಕ್ಕೆ ಪ್ರಾಂತ್ಯವೇ ಕಾನೂನು ಮಾಡಬೇಕು. 2021ರ ಜನಗಣತಿಯ ಮೇಲೆ ಎಳೆದ ಹೊಸ ಫೆಡರಲ್ ನಕ್ಷೆ 2024ರಲ್ಲಿ ಜಾರಿಗೆ ಬಂತು. ಬ್ರಾಂಪ್ಟನ್‌ಗೆ ಚಿಂಗ್ವಕೂಸಿ ಪಾರ್ಕ್ ಹೆಸರಿನ ಹೊಸ ರೈಡಿಂಗ್ ಸಿಕ್ಕಿತು. ಪ್ರಾಂತ್ಯ ಮಾತ್ರ 2018ರಿಂದ ಬಳಸುತ್ತಿದ್ದ ನಕ್ಷೆಯಲ್ಲೇ ಉಳಿಯಿತು. ಆ ನಕ್ಷೆಗೆ ಆಧಾರ 2011ರ ಜನಗಣತಿ.

ನನಗೆ ಬೇಜಾರಾಗುವುದು ಇಲ್ಲೇ. 2011ರಲ್ಲಿ ಬ್ರಾಂಪ್ಟನ್ ಜನಸಂಖ್ಯೆ 5,23,911. ಐದು ಸೀಟಿಗೆ ಹಂಚಿದರೆ ಒಂದಕ್ಕೆ ಸುಮಾರು 1 ಲಕ್ಷದ 5 ಸಾವಿರ. 2021ಕ್ಕೆ ಊರು 6,56,480ಕ್ಕೆ ಬೆಳೆದಿತ್ತು. ಪ್ರಾಂತ್ಯದ ಸಭೆಯಲ್ಲಿ ಸೀಟು ಈಗಲೂ ಐದೇ. ಒಬ್ಬ ಎಂಪಿಪಿಗೆ (ಪ್ರಾಂತ್ಯದ ಶಾಸಕರಿಗೆ) 1 ಲಕ್ಷದ 31 ಸಾವಿರ ಜನ! ಬೆಳೆದದ್ದು ಬಹುಪಾಲು ಹೊರಗಿನಿಂದ ಬಂದು ನೆಲೆಸಿದವರಿಂದ, ನಮ್ಮಂಥವರಿಂದ. ನಮ್ಮ ಓಟಿನ ತೂಕ ಕಡಿಮೆಯಾಗುತ್ತಾ ಹೋಗುವುದು ಸುಮ್ನೆ ಬಿಡುವ ವಿಷಯ ಅಲ್ಲ. ನಿಮ್ಮ ಎಂಪಿಪಿಗೆ ಈ ಎರಡು ಅಂಕಿ ಇಟ್ಟು ಒಂದು ಪತ್ರ ಬರೆಯಿರಿ.

ಇನ್ನೊಂದು ಮಾತು. ‘ರೈಡಿಂಗ್’ ಅಂದರೆ ಕುದುರೆ ಸವಾರಿಗೆ ಸಂಬಂಧವಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರನ್ನು ಮೂರು ಪಾಲು ಮಾಡಿದ್ದರು. ‘ಮೂರನೇ ಒಂದು ಪಾಲು’ ಅನ್ನುವ ಹಳೆಯ ನಾರ್ಸ್ ಪದ ಸವೆದು ಸವೆದು ಹೀಗಾಗಿದೆ.

ಪ್ರಶ್ನೆ: ಉತ್ತರ ಒಂಟಾರಿಯೊದಲ್ಲಿ ಮೂವತ್ತು ಸಾವಿರ ಜನಕ್ಕೂ ಒಂದು ಸೀಟು ಇದೆಯಂತೆ. ನಮಗೆ ಲಕ್ಷಕ್ಕೂ ಜಾಸ್ತಿ ಜನಕ್ಕೆ ಒಂದು. ಇದು ಅನ್ಯಾಯ ಅಲ್ವಾ?

ಉತ್ತರ: ಲೆಕ್ಕ ನೋಡಿದರೆ ಹಾಗೇ ಕಾಣುತ್ತದೆ. ಆದರೆ ನಾನು ಒಪ್ಪುವುದಿಲ್ಲ.

ನೀವು ಹೇಳುತ್ತಿರುವುದು ಕೀವೆಟಿನೂಂಗ್ ಥರದ ಕ್ಷೇತ್ರದ ಬಗ್ಗೆ. 2017ರಲ್ಲಿ ಒಂದು ವಿಶೇಷ ಆಯೋಗದ ಶಿಫಾರಸಿನ ಮೇಲೆ ದೂರದ ಉತ್ತರದಲ್ಲಿ ಎರಡು ಸೀಟು ಹೆಚ್ಚಾದವು. ಪ್ರಾಂತ್ಯದ ಒಟ್ಟು ಸೀಟು 122ರಿಂದ 124 ಆದದ್ದು ಹಾಗೆ. ಕೀವೆಟಿನೂಂಗ್‌ನಲ್ಲಿ ಆಗ ಸುಮಾರು 33 ಸಾವಿರ ಜನ, ಹೆಚ್ಚಿನವರು ಮೂಲನಿವಾಸಿಗಳು. ವಿಸ್ತೀರ್ಣ ಎಷ್ಟು ಗೊತ್ತಾ? ಇಡೀ ಕರ್ನಾಟಕದ ಸುಮಾರು ಒಂದೂವರೆ ಪಟ್ಟು. ಎಷ್ಟೋ ಊರುಗಳಿಗೆ ವರ್ಷವಿಡೀ ಓಡಾಡುವ ರಸ್ತೆಯಿಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ, ನದಿಗಳ ಮೇಲೆ ಹಾಕಿದ ದಾರಿಯಲ್ಲಿ ಸಾಗಬೇಕು. ಅಲ್ಲಿ ಲಕ್ಷ ಜನ ಸೇರಿಸಲು ಗೆರೆಯನ್ನು ದಕ್ಷಿಣಕ್ಕೆ ಎಳೆಯುತ್ತಾ ಹೋದರೆ, ಆ ಊರುಗಳ ಮಾತು ಪಟ್ಟಣಗಳ ಓಟಿನಲ್ಲಿ ಮುಳುಗಿಹೋಗುತ್ತದೆ.

ಕೆನಡಾದ ಸುಪ್ರೀಂ ಕೋರ್ಟ್ 1991ರಲ್ಲಿ ಸಸ್ಕಾಚೆವನ್ ಪ್ರಾಂತ್ಯದ ಗೆರೆಗಳ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ಬಹುಮತದ ತೀರ್ಪು ಬರೆದವರು ಬೆವರ್ಲಿ ಮೆಕ್‌ಲಾಕ್ಲಿನ್. ಓಟಿಗೆ ಸಮನಾದ ತೂಕ ಇರುವುದೇ ಮೊದಲ ಮಾತು. ಆದರೆ ಜನರಿಗೆ ಸಿಗಬೇಕಾದದ್ದು ಪರಿಣಾಮಕಾರಿ ಪ್ರಾತಿನಿಧ್ಯ. ಅದಕ್ಕಾಗಿ ನೆಲದ ಸ್ವರೂಪ, ಸಮುದಾಯದ ಇತಿಹಾಸ, ಅಲ್ಪಸಂಖ್ಯಾತರ ದನಿ ಇವನ್ನೂ ನೋಡಬಹುದು ಅಂದರು.

ಗೆರೆ ಬಾಗಿದರೆ ಎಲ್ಲವೂ ನ್ಯಾಯ ಅಂತಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ 1978ರ ಬದಲಾವಣೆಯಲ್ಲಿ, ವ್ಯಾಂಕೂವರ್‌ನ ಲಿಟಲ್ ಮೌಂಟನ್ ಕ್ಷೇತ್ರಕ್ಕೆ ಬೆರಳಿನಂತೆ ಚಾಚಿದ ಒಂದು ತೆಳು ಪಟ್ಟಿ ಸೇರಿತು. ಅಲ್ಲಿಂದ ಗೆದ್ದಿದ್ದವರು ಆಳುವ ಪಕ್ಷದ ಸಚಿವೆ ಗ್ರೇಸ್ ಮೆಕಾರ್ಥಿ. ಜನ ಅದಕ್ಕೆ ‘ಗ್ರೇಸಿಯ ಬೆರಳು’ ಅಂತಲೇ ಹೆಸರಿಟ್ಟರು. ಒಬ್ಬರ ಗೆಲುವಿಗೆ ಅನುಕೂಲವಾಗುವ ಗೆರೆಗೂ, ದನಿಯೇ ಇಲ್ಲದವರಿಗೆ ಸಭೆಯಲ್ಲಿ ಒಂದು ಕುರ್ಚಿ ಕೊಡುವ ಗೆರೆಗೂ ಬಹಳ ವ್ಯತ್ಯಾಸವಿದೆ.

2022ರ ಮೇನಲ್ಲಿ, ತುಮಕೂರು ಜಿಲ್ಲೆಯಿಂದ ಹೋದ ಚಂದ್ರ ಆರ್ಯ ಅಟ್ಟಾವಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಮಗೆಲ್ಲ ಎಷ್ಟು ಖುಷಿಯಾಗಿತ್ತು, ನೆನಪಿದೆಯಾ? 2024ರ ಮೇ 28ರಂದು ಪ್ರಾಂತ್ಯದ ಶಾಸನಸಭೆ ಇರುವ ಟೊರಾಂಟೊದ ಕ್ವೀನ್ಸ್ ಪಾರ್ಕ್‌ನಲ್ಲೂ ಅಂಥದ್ದೇ ನಡೆಯಿತು. ಕೀವೆಟಿನೂಂಗ್‌ನ ಮೊದಲ ಪ್ರತಿನಿಧಿ ಸೋಲ್ ಮಾಮಕ್ವಾ ಎದ್ದು ನಿಂತು ತಮ್ಮ ಓಜಿ-ಕ್ರೀ ಭಾಷೆಯಲ್ಲಿ ಪ್ರಶ್ನೆ ಕೇಳಿದರು. ಇಂಗ್ಲಿಷ್, ಫ್ರೆಂಚ್ ಬಿಟ್ಟು ಬೇರೆ ಭಾಷೆಗೆ ಆ ಸಭೆಯಲ್ಲಿ ಅನುವಾದದ ಏರ್ಪಾಡು ಮಾಡಿದ್ದು ಅದೇ ಮೊದಲು. ಮೇಲಿನ ಗ್ಯಾಲರಿಯಲ್ಲಿ ಅವರ ತಾಯಿ ಕೂತು ಕೇಳುತ್ತಿದ್ದರು.