ಅಜ್ಜಿಯ ಮನೆ ಹುಡುಕಿ, ಅದೂ ಮಳೆಗಾಲದಲ್ಲಿ

ಹೆಸರು ಹಾಕಬೇಡಿ ಎಂದು ಬರೆದ ಬೆಂಗಳೂರಿನ ಓದುಗರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕುಂದಾಪುರ ಕಡೆಯ ನಿಮ್ಮ ಅಜ್ಜ 1950ರ ದಶಕದಲ್ಲಿ ಹೋಟೆಲ್ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಕಳೆದ ಡಿಸೆಂಬರಿನಲ್ಲಿ ನೀವು ಅಮ್ಮನನ್ನು ಕರೆದುಕೊಂಡು ಮಲ್ಪೆ, ಮರವಂತೆ, ಮುರುಡೇಶ್ವರ ಸುತ್ತಿದಿರಿ. ನಡುವೆ ಅರ್ಧ ದಿನ ಅಜ್ಜನ ತಂದೆಯ ಮನೆ ಹುಡುಕಿದಿರಿ. ಯಾರಿಗೂ ಗುರುತು ಸಿಗಲಿಲ್ಲ. ಈ ಡಿಸೆಂಬರಿನಲ್ಲಿ ಮತ್ತೆ ಹೋಗೋಣವೇ, ಬಿಟ್ಟುಬಿಡೋಣವೇ ಎಂದು ಕೇಳಿದ್ದೀರಿ.

ಬಿಡಬೇಡಿ. ಆದರೆ ಹುಡುಕುವ ಮನೆ ಬದಲಾಗಬೇಕು, ಹೋಗುವ ತಿಂಗಳೂ ಬದಲಾಗಬೇಕು.

‘ನಮ್ಮದು ಅಳಿಯಕಟ್ಟು ಎಂದು ಅಮ್ಮ ಹೇಳುತ್ತಾಳೆ’ ಎಂದು ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇದೆ. ಅಳಿಯಕಟ್ಟಿನಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ. ನಿಮ್ಮ ಅಜ್ಜ ಅವರ ತಾಯಿಯ ಮನೆಗೆ ಸೇರಿದವರು, ತಂದೆಯ ಮನೆಗಲ್ಲ. ಅಲ್ಲಿ ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ಅಜ್ಜನ ತಂದೆಯ ಮನೆಯಲ್ಲಿ ಕೇಳಿದರೆ ಯಾರಿಗೆ ಗೊತ್ತಿರಬೇಕು? ಇನ್ನೂ ಒಂದು ಹೆಜ್ಜೆ ಮುಂದೆ ಬನ್ನಿ. ನೀವು ಅಮ್ಮನ ಮಗಳು. ತಾಯಿಯಿಂದ ಬರುವ ಕುಲದ ಗುರುತಿಗೆ ‘ಬಳಿ’ ಎನ್ನುತ್ತಾರೆ. ನಿಮ್ಮ ಬಳಿ ಅಮ್ಮನದು, ಅಮ್ಮನದು ಅಜ್ಜಿಯದು. ಹಾಗಾಗಿ ನಿಮ್ಮ ಮೂಲದ ಮನೆ ಅಜ್ಜಿಯದೇ. ಅಜ್ಜನ ಬಗ್ಗೆ ಎರಡು ಪುಟ ಬರೆದಿದ್ದೀರಿ, ಅಜ್ಜಿಯ ಬಗ್ಗೆ ಒಂದೇ ಸಾಲು. ಅದನ್ನು ಓದಿ ನನಗೆ ಬೇಜಾರಾಯಿತು. ಅಮ್ಮನಿಗೆ ಎಪ್ಪತ್ತಾರು ದಾಟಿದೆ ಅಂದಿರಲ್ವಾ? ಇವತ್ತೇ ಪಕ್ಕದಲ್ಲಿ ಕೂತು ಅಜ್ಜಿಯ ತವರಿನ ಮನೆ ಹೆಸರು ಕೇಳಿ. ಬಳಿ ಯಾವುದು ಕೇಳಿ. ಅಜ್ಜಿಯ ಅಣ್ಣತಮ್ಮಂದಿರ ಹೆಸರು ಕೇಳಿ. ಆ ಕಡೆ ‘ಊರ್ ಎಲ್ಲಾಯ್ತ್?’ ಎಂದು ಕೇಳಿದವರಿಗೆ ಊರಿನ ಜೊತೆ ಮನೆ ಹೆಸರನ್ನೂ ಹೇಳಬೇಕು. ಬರೀ ಸರ್‌ನೇಮ್ ಹೇಳಿದರೆ ಆ ಹೆಸರಿನವರು ಊರ ತುಂಬಾ ಇರುತ್ತಾರೆ.

ಕಾಗದಪತ್ರದಲ್ಲೂ ಒಂದು ದಾರಿ ಇದೆ. ಹಿಂದೆ ಕುಂದಾಪುರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು. ಅಳಿಯಸಂತಾನ ಅಂದರೂ ಅಳಿಯಕಟ್ಟೇ. ಅದಕ್ಕೂ ಮುಂಚೆ ಒಬ್ಬರು ಕೇಳಿದರೆಂದು ಕುಟುಂಬದ ಆಸ್ತಿ ಪಾಲಾಗುತ್ತಿರಲಿಲ್ಲ, ಎಲ್ಲರೂ ಒಪ್ಪಬೇಕಿತ್ತು. ಕಾಯ್ದೆ ಬಂದ ಮೇಲೆ ಪಾಲು ಕೇಳುವ ಹಕ್ಕು ಸಿಕ್ಕಿತು. ಪಾಲು ಕವರಿನ ಲೆಕ್ಕದಲ್ಲಿ ಆಗುತ್ತಿತ್ತು. ಕವರು ಅಂದರೆ ಒಬ್ಬ ಹೆಂಗಸಿನಿಂದ ಇಳಿದು ಬಂದ ಶಾಖೆ. ಅಜ್ಜಿಯ ಮನೆಯಲ್ಲಿ ಹಾಗೆ ಪಾಲಾಗಿ, ಪತ್ರ ನೋಂದಣಿಯಾಗಿದ್ದರೆ ಅದರಲ್ಲಿ ಯಾರ ಮಕ್ಕಳು ಯಾರು ಎನ್ನುವುದು ಸಿಗಬಹುದು. ಮನೆ ಹೆಸರು, ಗ್ರಾಮದ ಹೆಸರು ಗೊತ್ತಾದ ಮೇಲೆ ಆ ಭಾಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿ. ಇದಕ್ಕೆ ಒಂದು ದಿನವನ್ನೇ ಬಿಡಿ. ಪ್ರವಾಸದ ನಡುವೆ ತುರುಕಬೇಡಿ.

ಇನ್ನು ತಿಂಗಳ ಮಾತು. ಡಿಸೆಂಬರ್ ಬೇಡ, ನಾಗರ ಪಂಚಮಿಗೆ ಹೋಗಿ. ಜುಲೈ ಕೊನೆಗೋ ಆಗಸ್ಟಿನಲ್ಲೋ ಬರುತ್ತದೆ. ಊರು ಬಿಟ್ಟವರು ವರ್ಷದಲ್ಲಿ ಒಮ್ಮೆ ಬಂದರೂ ಆ ದಿನ ಮೂಲದ ನಾಗಬನಕ್ಕೆ, ಅಂದರೆ ಮನೆತನದ ನಾಗನ ಕಲ್ಲುಗಳಿರುವ ಮರಗಳ ತೋಪಿಗೆ ಬರುತ್ತಾರೆ, ತನು ಎರೆಯುತ್ತಾರೆ, ಅಂದರೆ ನಾಗನಿಗೆ ಹಾಲು, ಎಳನೀರು ಎರೆಯುತ್ತಾರೆ. ಮನೆ ಬಿದ್ದಿರಬಹುದು, ಗದ್ದೆ ಕೈ ಬದಲಾಗಿರಬಹುದು. ಆದರೂ ಬನಕ್ಕೆ ಕೊಡಲಿ ಹಾಕಲು ಜನ ಹೆದರುತ್ತಾರೆ. ಮುಂಬೈಯಿಂದ ಬಂದ ಅಜ್ಜಿಯ ತಂಗಿಯ ಮೊಮ್ಮಕ್ಕಳು ಅಲ್ಲೇ ಸಾಲಿನಲ್ಲಿ ನಿಂತಿರಬಹುದು. ಡಿಸೆಂಬರಿನಲ್ಲಿ ಇಡೀ ದಿನ ಹುಡುಕಿದರೂ ಇಷ್ಟು ಜನ ಒಟ್ಟಿಗೆ ಸಿಗುವುದಿಲ್ಲ.

ನೋಡುವ ಜಾಗ ಕಡಿಮೆಯಾಗುತ್ತದೆ, ನಿಜ. ಸೇಂಟ್ ಮೇರಿಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನೀರಿಗಂತೂ ಇಳಿಯಲೇಬೇಡಿ. ಆದರೆ ಮರವಂತೆಯನ್ನು ಮಳೆಯಲ್ಲಿ ನೋಡಬೇಕು. ಹೆದ್ದಾರಿಯ ಒಂದು ಪಕ್ಕ ಕಡಲು ಕೆಂಪಾಗಿ ಅಬ್ಬರಿಸುತ್ತಿರುತ್ತದೆ, ಇನ್ನೊಂದು ಪಕ್ಕ ಸೌಪರ್ಣಿಕೆ ತುಂಬಿ ಸುಮ್ನೆ ಹರಿಯುತ್ತಿರುತ್ತದೆ. ನಿಮ್ಮ ಅಜ್ಜಿ ಚಿಕ್ಕಂದಿನಿಂದ ಕಂಡ ಕಡಲು ಇದೇ.

ಕೊನೆಗೆ ಒಂದು ಸೂಕ್ಷ್ಮ ವಿಚಾರ. ಕರಾವಳಿಯಲ್ಲಿ ಬಹಳಷ್ಟು ಗದ್ದೆ 1974ರ ಭೂಸುಧಾರಣೆಯ ನಂತರ ಗೇಣಿದಾರರ ಹೆಸರಿಗೆ ಬಂತು. ಜನ ಅದನ್ನು ಡಿಕ್ಲರೇಷನ್ ಎನ್ನುತ್ತಾರೆ. ಹಳೇ ಮನೆಯವರು ಕಾರಿನಲ್ಲಿ ಬಂದು ಇಳಿದು, ಗಡಿ ಎಲ್ಲಿ, ಸರ್ವೇ ನಂಬರ್ ಎಷ್ಟು ಎಂದು ಕೇಳಿದರೆ ಅಲ್ಲಿರುವವರಿಗೆ ಭಯವಾಗುತ್ತದೆ. ಅಂಗಳಕ್ಕೆ ಕಾಲಿಡುವ ಮುಂಚೆಯೇ ಹೇಳಿಬಿಡಿ: ‘ಅಜ್ಜಿ ಹುಟ್ಟಿದ ಜಾಗ ಅಮ್ಮನಿಗೆ ತೋರಿಸಲು ಬಂದಿದ್ದೇವೆ, ಬೇರೇನೂ ಬೇಡ.’ ಫೋಟೋ ಆಮೇಲೆ, ಅವರು ಹೂಂ ಅಂದರೆ ಮಾತ್ರ. ಆ ಬನಕ್ಕೆ ಇಷ್ಟು ವರ್ಷ ದೀಪ ಇಟ್ಟವರು ಅವರೇ ಇದ್ದರೂ ಇರಬಹುದು.

ಹಾಲು, ಎಳನೀರು ಒಯ್ಯಿರಿ. ಅಮ್ಮನಿಗೆ ಜಾರದ ಚಪ್ಪಲಿ ಕೊಡಿಸಿ, ಆ ತಿಂಗಳಲ್ಲಿ ಬನದ ದಾರಿ ಪೂರಾ ಪಾಚಿ. ಬಂದ ಮೇಲೆ ನನಗೆ ಬರೆಯಿರಿ, ಅಜ್ಜಿಯ ಬಗ್ಗೆ ಎರಡು ಪುಟ.

– ಸಂಪಾದಕ