ಕ್ಯೋಟೊದ ಚೆರ್ರಿ ಹೂವು: ಯಾವ ವಾರಕ್ಕೆ ಯಾವ ತಾಣ?

ಪ್ರಶ್ನೆ: ನಮ್ಮ ಮಗಳು ಉದ್ಯೋಗ ನಿಮಿತ್ತ ಜಪಾನಿನ ಒಸಾಕಾದಲ್ಲಿದ್ದಾಳೆ. ನಾನೂ ನಮ್ಮ ಯಜಮಾನರೂ ಯುಗಾದಿ ಮುಗಿಸಿಕೊಂಡು ಏಪ್ರಿಲ್ ಎರಡನೆಯ ವಾರ ಅಲ್ಲಿಗೆ ಹೋಗಿ, ಕ್ಯೋಟೊದಲ್ಲಿ ಚೆರ್ರಿ ಹೂವು ನೋಡಬೇಕೆಂದಿದ್ದೇವೆ. ಅಷ್ಟರಲ್ಲಿ ಹೂವು ಉದುರಿಹೋಗಿರುತ್ತದೆ ಎಂದು ಕೆಲವರು ಹೇಳುತ್ತಾರೆ. ಯಜಮಾನರಿಗೆ ಮಂಡಿನೋವಿದೆ, ನಾವು ಶುದ್ಧ ಸಸ್ಯಾಹಾರಿಗಳು. ಎಲ್ಲಿಗೆ ಹೋದರೆ ಒಳ್ಳೆಯದು?
– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಏಪ್ರಿಲ್ ಎರಡನೆಯ ವಾರವೆಂದು ತಾವು ಕಳವಳಪಡಬೇಕಾಗಿಲ್ಲ. ಹೂವು ಉದುರಿಹೋಗಿರುತ್ತದೆ ಎನ್ನುವವರು ಸೊಮೆಯ್ ಯೊಶಿನೊ ಎಂಬ ಒಂದೇ ತಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ. ಜಪಾನಿನ ಉದ್ಯಾನಗಳಲ್ಲಿ, ನದಿದಂಡೆಗಳಲ್ಲಿ, ಶಾಲೆಗಳ ಅಂಗಳಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಮರ ಇದು. ನಮ್ಮಲ್ಲಿ ಮಾವನ್ನು ಕಸಿಕಟ್ಟುವಂತೆ ಇದನ್ನೂ ಕಸಿಕಟ್ಟಿಯೇ ಬೆಳೆಸುವುದರಿಂದ ಎಲ್ಲ ಮರಗಳ ವಂಶಗುಣವೂ ಒಂದೇ ಆಗಿದ್ದು, ಒಂದೂರಿನ ಮರಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಅರಳಿ ಒಟ್ಟಿಗೇ ಉದುರುತ್ತವೆ. ಕ್ಯೋಟೊದಲ್ಲಿ ಇದು ಪೂರ್ತಿ ಅರಳುವುದು ಸಾಮಾನ್ಯವಾಗಿ ಏಪ್ರಿಲ್ ಮೊದಲ ವಾರದ ಆಸುಪಾಸಿನಲ್ಲಿ. ಮಳೆಯೋ ಗಾಳಿಯೋ ಬಂದರೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆದರೆ ಆ ನಗರದಲ್ಲಿ ಇದಕ್ಕಿಂತ ಮುಂಚೆ ಅರಳುವ ತಳಿಗಳೂ ಇವೆ, ತಡವಾಗಿ ಅರಳುವ ತಳಿಗಳೂ ಇವೆ. ಆದ್ದರಿಂದ ತಾಣವನ್ನು ಅದರ ಹೆಸರು ಕೇಳಿ ಆರಿಸದೆ, ತಾವು ಅಲ್ಲಿರುವ ವಾರವನ್ನು ನೋಡಿ ಆರಿಸಿಕೊಳ್ಳಬೇಕು.

ತಮ್ಮ ದಿನಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ನಗರದ ವಾಯವ್ಯದಲ್ಲಿರುವ ನಿನ್ನಾಜಿ ದೇವಾಲಯ. ಕ್ರಿ.ಶ. 888ರಲ್ಲಿ ಸ್ಥಾಪನೆಯಾದ ಈ ಬೌದ್ಧ ದೇವಾಲಯದ ಆವರಣದಲ್ಲಿ ಒಮುರೊ ಎಂಬ ಜಾತಿಯ ಸುಮಾರು 200 ಚೆರ್ರಿ ಮರಗಳಿವೆ. ಇವು ಎರಡು-ಮೂರು ಮೀಟರಿಗಿಂತ ಎತ್ತರಕ್ಕೆ ಹೆಚ್ಚಾಗಿ ಬೆಳೆಯುವುದಿಲ್ಲ. ನೆಲ ಗಟ್ಟಿಯಾಗಿರುವುದರಿಂದ ಬೇರು ಆಳಕ್ಕಿಳಿಯದೆ ಹೀಗಾಗಿದೆ ಎನ್ನುತ್ತಾರೆ. ಬೇರೆಡೆ ತಲೆಯೆತ್ತಿ ನೋಡಬೇಕಾದ ಹೂವು ಇಲ್ಲಿ ಮುಖದ ಮಟ್ಟಕ್ಕೇ ಇರುತ್ತದೆ, ಅದರ ಹಿಂದೆ ಐದಂತಸ್ತಿನ ಗೋಪುರ ಕಾಣುತ್ತದೆ. ಇವು ಕ್ಯೋಟೊದಲ್ಲಿ ತೀರ ತಡವಾಗಿ ಅರಳುವ ಮರಗಳೆಂದು ಹೆಸರಾಗಿರುವುದರಿಂದ, ಏಪ್ರಿಲ್ ನಡುವಿನಲ್ಲಿ ಹೋದವರಿಗೂ ನಿರಾಸೆಯಾಗುವ ಸಂಭವ ಕಡಿಮೆ. ಹೆಬ್ಬಾಗಿಲಿನ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದರೆ ಮುಂದಿನ ನಡಿಗೆ ಕಷ್ಟವಲ್ಲ, ಕೆಯ್‌ಫುಕು ಕಂಪನಿಯ ಟ್ರಾಮ್ ನಿಲ್ದಾಣವೂ ಹೆಬ್ಬಾಗಿಲಿಗೆ ಹತ್ತಿರದಲ್ಲೇ ಇದೆ. 1895ರಲ್ಲಿ ಕಟ್ಟಿದ ಹೆಯಾನ್ ದೇಗುಲದ ತೋಟದ ಗಾಢ ಗುಲಾಬಿಯ ಜೋಲುಚೆರ್ರಿಯೂ ಸೊಮೆಯ್ ಯೊಶಿನೊಗಿಂತ ತಡವಾಗಿ ಅರಳುತ್ತದೆ.

ಮಗಳು ಒಸಾಕಾದಲ್ಲೇ ಇರುವುದರಿಂದ ಆ ಊರಿನ ಟಂಕಸಾಲೆಯನ್ನು ಖಂಡಿತ ಬಿಡಬೇಡಿ. ನಾಣ್ಯ ಮುದ್ರಿಸುವ ಆ ಆವರಣದೊಳಗಿನ 560 ಮೀಟರ್ ಉದ್ದದ ಮರಗಳ ಸಾಲನ್ನು 1883ರಿಂದ ವಸಂತಕಾಲದಲ್ಲಿ, ಸಾಮಾನ್ಯವಾಗಿ ಏಪ್ರಿಲ್ ಮಧ್ಯದ ಒಂದು ವಾರ, ಸಾರ್ವಜನಿಕರಿಗೆ ತೆರೆಯುತ್ತಾರೆ. ಎಸಳು ಒತ್ತೊತ್ತಾಗಿರುವ ತಡವಾದ ತಳಿಗಳೇ ಇಲ್ಲಿ ಹೆಚ್ಚು, ಅವು ನೂರಕ್ಕೂ ಮೀರಿದ ಬಗೆಯವು. ದಾರಿ ಸಮತಟ್ಟಾಗಿದೆ, ಎಲ್ಲರೂ ಒಂದೇ ದಿಕ್ಕಿಗೆ ನಡೆಯುವುದರಿಂದ ನೂಕಾಟವೂ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಮುಂಗಡ ನೋಂದಣಿಯ ನಿಯಮವಿರುವುದರಿಂದ, ದಿನಾಂಕ ಪ್ರಕಟವಾದೊಡನೆ ಹೆಸರು ಬರೆಸುವಂತೆ ಮಗಳಿಗೆ ಈಗಲೇ ಹೇಳಿಡಿ.

ಮಂಡಿನೋವಿನ ದೃಷ್ಟಿಯಿಂದ ಕಿಯೊಮಿಜು ದೇವಾಲಯವನ್ನು ಕೈಬಿಡುವುದೇ ಲೇಸು, ಏಕೆಂದರೆ ಅಲ್ಲಿ ಏರುದಾರಿಯೂ ಜನಸಂದಣಿಯೂ ಹೆಚ್ಚು. ಅದರ ಬದಲು ಒಕಾಜಾಕಿ ಕಾಲುವೆಯಲ್ಲಿ ವಸಂತಕಾಲದಲ್ಲಿ ನಡೆಯುವ ದೋಣಿವಿಹಾರವನ್ನು ಆರಿಸಿಕೊಂಡರೆ, ದಂಡೆಯ ಮರಗಳನ್ನು ಕುಳಿತಲ್ಲಿಂದಲೇ ನೋಡಬಹುದು. ಬೀವ ಸರೋವರದ ನೀರನ್ನು ಕ್ಯೋಟೊಗೆ ತಂದ ಈ ಕಾಲುವೆ ವ್ಯವಸ್ಥೆ 1890ರಲ್ಲಿ ಪೂರ್ಣಗೊಂಡಿತು. ಮರುವರ್ಷವೇ ಕ್ಯೋಟೊದ ಕೆಯಾಗೆ ಎಂಬಲ್ಲಿ ಆ ನೀರಿನಿಂದ ವಿದ್ಯುತ್ ಉತ್ಪಾದನೆಯೂ ಆರಂಭವಾಯಿತು. ಶಿವನಸಮುದ್ರದ ವಿದ್ಯುತ್ತು ಕೋಲಾರಕ್ಕೆ ಹರಿದದ್ದು 1902ರಲ್ಲಿ ಎಂಬುದನ್ನು ನೆನೆದರೆ, ಆ ಕಾಲುವೆಯನ್ನು ಕೇವಲ ಹೂವಿನ ಹಿನ್ನೆಲೆಯಾಗಿ ನೋಡಲು ಮನಸ್ಸಾಗುವುದಿಲ್ಲ. ದೋಣಿಗಳನ್ನು ಹಳಿಯ ಮೇಲೆ ಸಾಗಿಸುತ್ತಿದ್ದ 582 ಮೀಟರಿನ ಇಳಿಜಾರು ಈಗಲೂ ಕೆಯಾಗೆಯಲ್ಲಿದೆ, ಅದರ ಇಕ್ಕೆಲಗಳಲ್ಲೂ ಚೆರ್ರಿ ಮರಗಳಿವೆ. ಆದರೆ ಅಲ್ಲಿ ಜಲ್ಲಿಕಲ್ಲಿನ ಮೇಲೆ ನಡೆಯಬೇಕು. ಯಜಮಾನರು ಕೆಳಗಿನಿಂದ ನೋಡಿದರೆ ಸಾಕು.

ಊಟದ ವಿಷಯದಲ್ಲಿ ಎಚ್ಚರವಿರಲಿ. ತರಕಾರಿಯ ಅಡುಗೆಗೂ ಒಣಮೀನಿನಿಂದ ತೆಗೆದ ದಾಶಿ ಎಂಬ ಸಾರನ್ನು ಬೆರೆಸುವ ರೂಢಿ ಜಪಾನಿನಲ್ಲಿದೆ, ಆದ್ದರಿಂದ ಮಾಂಸವಿಲ್ಲ ಎಂಬ ಉತ್ತರವನ್ನಷ್ಟೇ ನೆಚ್ಚಬಾರದು. ಬೌದ್ಧ ಮಠಗಳ ಶೊಜಿನ್ ಊಟ ಮೀನು-ಮಾಂಸವಿಲ್ಲದ್ದು. ಹೂವು ನೋಡುವ ದಿನ ಮಗಳ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಿ, ಅರಮನೆಯ ಸುತ್ತಲಿನ ಗ್ಯೊಯೆನ್ ಉದ್ಯಾನದ ಹುಲ್ಲಿನ ಮೇಲೆ ಕುಳಿತು ಉಣ್ಣುವುದು ಇನ್ನೂ ಉತ್ತಮ. ಆ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ.

ಪ್ರಶ್ನೆ: ನನಗೆ ರಜೆ ಸಿಗುವುದು ಮಾರ್ಚ್ ಕೊನೆಯ ವಾರ ಮಾತ್ರ. ಹೂವು ಅರಳುವ ದಿನ ಮೊದಲೇ ಖಚಿತವಾಗಿ ತಿಳಿಯುವುದಿಲ್ಲವೇ?
– ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಉತ್ತರ: ತಿಂಗಳುಗಳ ಮೊದಲೇ ಖಚಿತವಾಗಿ ತಿಳಿಯುವುದಿಲ್ಲ. ಮೊಗ್ಗಿಗೆ ಚಳಿಗಾಲದ ಶೈತ್ಯವೂ ಬೇಕು, ಅದರ ನಂತರದ ಬಿಸುಪೂ ಬೇಕು. ಹೀಗಾಗಿ ಮುನ್ಸೂಚನೆ ನಿಖರವಾಗುತ್ತ ಹೋಗುವುದು ಮಾರ್ಚ್ ತಿಂಗಳಲ್ಲೇ. ಹವಾಮಾನ ಇಲಾಖೆಯವರು ಗುರುತುಮಾಡಿದ ಮರದಲ್ಲಿ ಐದಾರು ಹೂ ಬಿರಿದರೆ ಅರಳುವಿಕೆ ಆರಂಭವಾಯಿತೆಂದೂ, ಶೇ. 80ರಷ್ಟು ಬಿರಿದರೆ ಪೂರ್ತಿ ಅರಳಿತೆಂದೂ ಪ್ರಕಟಿಸುತ್ತಾರೆ. ಕ್ಯೋಟೊದಲ್ಲಿ ಹೂವು ಅರಳಿದ ದಿನಗಳ ದಾಖಲೆಯನ್ನು ಹಳೆಯ ದಿನಚರಿ, ವೃತ್ತಾಂತಗಳಿಂದ ಸಂಶೋಧಕ ಯಸುಯುಕಿ ಅಒನೊ ಅವರು ಒಂಬತ್ತನೆಯ ಶತಮಾನದವರೆಗೆ ಹಿಂದಕ್ಕೆ ಕಟ್ಟಿಕೊಟ್ಟಿದ್ದಾರೆ. ಅದರ ಪ್ರಕಾರ, ಸಾವಿರದ ಇನ್ನೂರು ವರ್ಷಗಳಲ್ಲೇ ಮೊದಲ ಬಾರಿಗೆ 2021ರಲ್ಲಿ ಮಾರ್ಚ್ 26ರಷ್ಟು ಬೇಗ ಹೂವು ಪೂರ್ತಿ ಅರಳಿತು. ಭೂಮಿಯ ಬಿಸಿಯೇರುತ್ತಿರುವುದಕ್ಕೆ ಇಷ್ಟು ದೀರ್ಘ ಸಾಕ್ಷ್ಯ ಬೇರೆ ಯಾವ ಹೂವಿನಿಂದ ದೊರೆತೀತು? ಮನಸ್ಸಿಗೆ ನೋವೆನಿಸಿದರೂ, ತಮ್ಮ ಮಾರ್ಚ್ ಕೊನೆಯ ರಜೆಗೆ ಈಗ ಹೂವು ಸಿಗುವ ಸಂಭವ ಹೆಚ್ಚಿರುವುದೂ ಇದೇ ಕಾರಣದಿಂದ.

ತಾವು ಮೊದಲು ಗ್ಯೊಯೆನ್ ಉದ್ಯಾನದ ಉತ್ತರ ಭಾಗದ ಜೋಲುಚೆರ್ರಿಗಳನ್ನು ನೋಡಿ. ಅವು ಬೇಗ ಅರಳುತ್ತವೆ. ಬಳಿಕ 1598ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಸೇನಾನಿ ಟೊಯೊಟೊಮಿ ಹಿದೆಯೊಶಿ ಭಾರಿ ಹೂವಿನ ಔತಣ ನಡೆಸಿದ ದಾಯ್ಗೊಜಿ ದೇವಾಲಯಕ್ಕೆ ಹೋಗಿ. ಸಂಜೆಯನ್ನು ಮರುಯಾಮ ಉದ್ಯಾನಕ್ಕೆ ಮೀಸಲಿಡಿ. ಅಲ್ಲಿನ ಪ್ರಸಿದ್ಧ ಜೋಲುಚೆರ್ರಿ ಮರ ಹಳೆಯ ಮರದ ಸಂತತಿಯಾಗಿದ್ದು, 1949ರಲ್ಲಿ ನೆಟ್ಟದ್ದು. ರಾತ್ರಿ ಅದಕ್ಕೆ ದೀಪ ಹಾಯಿಸುತ್ತಾರೆ. ಛಾಯಾಚಿತ್ರಕ್ಕಾಗಿ ಕೊಂಬೆ ಬಗ್ಗಿಸುವುದು, ಬೇರಿನ ಮೇಲೆ ಕಾಲಿಡುವುದು ಮರಕ್ಕೆ ಕೇಡು. ಕಸವನ್ನು ತಮ್ಮ ಚೀಲದಲ್ಲೇ ಹಿಂದಕ್ಕೆ ತರಬೇಕಾಗುತ್ತದೆ, ಒಂದು ಖಾಲಿ ಚೀಲ ಜೊತೆಗಿರಲಿ. ಈ ದಿನಗಳಲ್ಲಿ ಕ್ಯೋಟೊದ ವಸತಿಗೃಹಗಳು ಬೇಗ ತುಂಬಿಹೋಗುವುದರಿಂದ, ಅಲ್ಲಿ ಕೋಣೆ ಸಿಗದಿದ್ದರೆ ಒಸಾಕಾದಲ್ಲಿ ತಂಗಿ ದಿನವೂ ರೈಲಿನಲ್ಲಿ ಹೋಗಿಬರಬಹುದು. ಪ್ರಯಾಣಕ್ಕೆ ಸುಮಾರು ಅರ್ಧ ಗಂಟೆ ಸಾಕು.